ಮುಧೋಳದಿಂದ ಹಡಗಿಗೆ: ನಾನು ಅಕಾಡೆಮಿ ಆರಿಸಿಕೊಂಡ ಬಗೆ

ಮುಧೋಳದ ಕಡೆ ಕಬ್ಬು ಬೆಳೆಯುವ ಮನೆಯ ಹುಡುಗ ಪಿಯುಸಿ ವಿಜ್ಞಾನ ಓದಿದರೆ ಇಂಜಿನಿಯರಿಂಗ್ ಅಥವಾ ಕೃಷಿ ಪದವಿ ಎಂಬ ಮಾತು ಮೊದಲೇ ಸಿದ್ಧವಾಗಿರುತ್ತದೆ. ನಾನು ಹಡಗಿಗೆ ಹೋಗುತ್ತೇನೆ ಎಂದಾಗ ಅಪ್ಪನಿಗೆ ಯಾರನ್ನು ವಿಚಾರಿಸಬೇಕೆಂದೇ ತೋಚಲಿಲ್ಲ; ನಮ್ಮ ಬಳಗದಲ್ಲಿ ಸಮುದ್ರದ ಕೆಲಸ ಮಾಡಿದವರು ಒಬ್ಬರೂ ಇರಲಿಲ್ಲ. ಈಗ ನಾನು ಸರಕು ಹಡಗಿನಲ್ಲಿ ಸೆಕೆಂಡ್ ಆಫೀಸರ್. ರಜೆಗೆ ಬಂದಾಗಲೆಲ್ಲ ಜಮಖಂಡಿ, ಬೀಳಗಿಯ ಪೋಷಕರು ಮನೆಗೆ ಬಂದು ಯಾವ ಕಾಲೇಜು ಒಳ್ಳೆಯದು ಎಂದು ಕೇಳುತ್ತಾರೆ. ಓದು ಮುಗಿದ ಮೇಲೆ ಮೊದಲ ಹಡಗನ್ನು ಯಾರು ಕೊಡುತ್ತಾರೆ ಎಂದು ನಾನು ಮರುಪ್ರಶ್ನೆ ಹಾಕುತ್ತೇನೆ.

ಕಾರಣವಿದೆ. ಒಂದು ವರ್ಷದ ಡಿಎನ್‌ಎಸ್, ಅಂದರೆ ನಾಟಿಕಲ್ ಸೈನ್ಸ್ ಡಿಪ್ಲೊಮಾ ಮುಗಿದರೆ ಯಾರೂ ಅಧಿಕಾರಿಯಾಗುವುದಿಲ್ಲ. ಆಮೇಲೆ 18 ತಿಂಗಳು ಡೆಕ್ ಕೆಡೆಟ್, ಅಂದರೆ ಹಡಗು ನಡೆಸುವುದನ್ನು ಕಲಿಯುವ ತರಬೇತಿ ಅಭ್ಯರ್ಥಿಯಾಗಿ ಹಡಗಿನಲ್ಲಿ ಕಳೆಯಬೇಕು. ನಾಟಿಕಲ್ ಸೈನ್ಸ್‌ನಲ್ಲೇ ಮೂರು ವರ್ಷದ ಬಿಎಸ್ಸಿ ಮಾಡಿದವರಿಗೆ 12 ತಿಂಗಳು. ಅದಾದ ಮೇಲೆಯೇ ಅಧಿಕಾರಿಯಾಗಲು ಬೇಕಾದ ಸೆಕೆಂಡ್ ಮೇಟ್ ಪರೀಕ್ಷೆ. ಕೆಡೆಟ್ ಆಗಿ ಹತ್ತಲು ಹಡಗೇ ಸಿಗದೆ ಡಿಪ್ಲೊಮಾ ಹಿಡಿದುಕೊಂಡು ವರ್ಷಗಟ್ಟಲೆ ಮುಂಬೈಯ ಕಚೇರಿಗಳಿಗೆ ಅಲೆಯುವ ಹುಡುಗರನ್ನು ಕಂಡು ನನ್ನ ಕರುಳು ಚುರುಕ್ ಎಂದಿದೆ.

ಹಾಗಾಗಿ ನಾನು ಕಟ್ಟಡ, ಹಾಸ್ಟೆಲ್, ಸಮವಸ್ತ್ರದ ಫೋಟೊ ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಭಾರತೀಯ ಸಾಗರ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಐಎಂಯು ಸಿಇಟಿ ಬರೆದೆ. ಜೊತೆಜೊತೆಗೆ ಹಡಗು ಕಂಪನಿಗಳ ಪ್ರಾಯೋಜಕತ್ವಕ್ಕೆ ಅರ್ಜಿ ಹಾಕಿದೆ. ಕಂಪನಿ ತಾನೇ ಪರೀಕ್ಷೆ, ಸಂದರ್ಶನ ನಡೆಸಿ, ತರಬೇತಿ ಮುಗಿದ ಮೇಲೆ ತನ್ನ ಹಡಗಿಗೆ ಸೇರಿಸಿಕೊಳ್ಳುವುದಾಗಿ ಪತ್ರ ಕೊಟ್ಟ ಮೇಲೆಯೇ ಶುಲ್ಕ ಕಟ್ಟಿದ್ದು. ಶಿಕ್ಷಣ ಸಾಲ ಕೇಳಲು ಬ್ಯಾಂಕಿಗೆ ಹೋದಾಗಲೂ ಆ ಪತ್ರವೇ ನಮ್ಮ ಕೈ ಹಿಡಿಯಿತು.

ಇದಕ್ಕೂ ಮೊದಲು ಕಣ್ಣಿನ ಪರೀಕ್ಷೆ ಆಗಬೇಕು. ಹಡಗು ನಡೆಸುವ ಡೆಕ್ ವಿಭಾಗಕ್ಕೆ ಕನ್ನಡಕವಿಲ್ಲದೆಯೇ ದೃಷ್ಟಿ ಚೆನ್ನಾಗಿರಬೇಕು, ಬಣ್ಣಗುರುಡು ಇರಲೇಬಾರದು. ರಾತ್ರಿ ಎದುರಿನ ಹಡಗಿನ ಎಡಬದಿಯ ಕೆಂಪು ದೀಪವನ್ನೂ ಬಲಬದಿಯ ಹಸಿರು ದೀಪವನ್ನೂ ನೋಡಿಯೇ ಅದು ಯಾವ ಕಡೆ ಹೊರಟಿದೆ ಎಂದು ನಾವು ನಿರ್ಧರಿಸುತ್ತೇವೆ; ಅಲ್ಲಿ ಅಂದಾಜಿಗೆ ಜಾಗವಿಲ್ಲ. ನನ್ನೊಡನೆ ತಯಾರಿ ನಡೆಸಿದ್ದ ಬಾಗಲಕೋಟೆಯ ಗೆಳೆಯನಿಗೆ ಕನ್ನಡಕವಿತ್ತು. ಇಂಜಿನ್ ವಿಭಾಗದಲ್ಲಿ ಮಿತಿಯೊಳಗಿನ ಕನ್ನಡಕಕ್ಕೆ ಅವಕಾಶವಿರುವುದರಿಂದ ಅವನು ಮೆಕ್ಯಾನಿಕಲ್ ಓದಿ, ಇಂಜಿನಿಯರಿಂಗ್ ಪದವೀಧರರನ್ನು ಹಡಗಿನ ಕೆಲಸಕ್ಕೆ ಸಜ್ಜುಗೊಳಿಸುವ ಒಂದು ವರ್ಷದ ಜಿಎಂಇ ತರಬೇತಿ ಪಡೆದು ಹಡಗಿನ ಇಂಜಿನಿಯರ್ ಆದ.

ದಲ್ಲಾಳಿಗಳ ವಿಷಯದಲ್ಲಿ ನನಗೆ ಈಗಲೂ ಸಿಟ್ಟು ಇಳಿದಿಲ್ಲ. ಲಕ್ಷಗಟ್ಟಲೆ ಕೊಟ್ಟರೆ ನೇರವಾಗಿ ವಿದೇಶಿ ಹಡಗು ಹತ್ತಿಸುತ್ತೇನೆ ಎಂದು ಒಬ್ಬ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಅಪ್ಪನಿಗೆ ಹೇಳಿದ್ದ. ಆರ್‌ಪಿಎಸ್‌ಎಲ್ ಪರವಾನಗಿ ಸಂಖ್ಯೆ ಕೊಡಿ ಎಂದೆ, ಮಾತು ಬದಲಿಸಿದ. ನಾವಿಕರನ್ನು ನೇಮಿಸಿಕೊಡುವ ಪ್ರತಿ ಸಂಸ್ಥೆಗೂ ಕೇಂದ್ರ ಸರ್ಕಾರದ ನೌಕಾಯಾನ ಮಹಾನಿರ್ದೇಶನಾಲಯದ ಆ ಪರವಾನಗಿ ಇರಲೇಬೇಕು, ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದ ಹಣ ಪಡೆಯುವಂತಿಲ್ಲ. 2006ರ ಅಂತರರಾಷ್ಟ್ರೀಯ ಸಾಗರ ಕಾರ್ಮಿಕ ಒಪ್ಪಂದವೂ ಅದನ್ನು ನಿಷೇಧಿಸಿದೆ. ಅನುಮೋದಿತ ತರಬೇತಿ ಸಂಸ್ಥೆಗಳ ಪಟ್ಟಿಯೂ ಪರವಾನಗಿ ಇರುವ ಕಂಪನಿಗಳ ಪಟ್ಟಿಯೂ ಮಹಾನಿರ್ದೇಶನಾಲಯದ ಜಾಲತಾಣದಲ್ಲಿವೆ. ಕಬ್ಬಿನ ಬಿಲ್ಲಿನ ಹಣ ಕೈಬಿಡುವ ಮೊದಲು ಅವನ್ನು ನೋಡಿ ಎಂದು ಕೈಮುಗಿದು ಕೇಳುತ್ತೇನೆ.

ಕೆಡೆಟ್ ದಿನಗಳಲ್ಲಿ ತರಬೇತಿ ದಾಖಲೆ ಪುಸ್ತಕವನ್ನು ಆಯಾ ವಾರವೇ ತುಂಬಿ ಮೇಲಧಿಕಾರಿಯ ಸಹಿ ಪಡೆದೆ. ಸೆಕೆಂಡ್ ಮೇಟ್ ಮೌಖಿಕ ಪರೀಕ್ಷೆಯಲ್ಲಿ ಡಿಕ್ಕಿ ತಡೆಯುವ ಅಂತರರಾಷ್ಟ್ರೀಯ ನಿಯಮಗಳನ್ನು ಕೆದಕಿ ಕೆದಕಿ ಕೇಳುತ್ತಾರೆ. ಹಡಗನ್ನು ನಡೆಸುವ ಕೋಣೆಯಾದ ಬ್ರಿಡ್ಜ್‌ನಲ್ಲಿ ನಿಂತು ಕಲಿತದ್ದು ಅಲ್ಲಿ ನೆರವಾಯಿತು. ಪ್ರಮಾಣಪತ್ರ ಬಂದ ಮೇಲೆ ಅದೇ ಕಂಪನಿ ಥರ್ಡ್ ಆಫೀಸರ್ ಹುದ್ದೆ ಕೊಟ್ಟಿತು. ಸಾಮಾನ್ಯವಾಗಿ ಥರ್ಡ್ ಆಫೀಸರ್‌ಗೆ ಎಂಟರಿಂದ ಹನ್ನೆರಡರ ಪಾಳಿ, ಬೆಳಿಗ್ಗೆಯೂ ರಾತ್ರಿಯೂ. ಹೊಸಬರಿಗೆ ಆ ಹೊತ್ತು ಒಳ್ಳೆಯದು, ಕ್ಯಾಪ್ಟನ್ ಎಚ್ಚರವಾಗಿರುತ್ತಾರೆ.