ಅಕ್ಕಿ ಡ್ರಮ್ಮಿಗೆ ನೀಲಗಿರಿ ಎಣ್ಣೆ: ನನ್ನ ಅನುಭವ

ನಮ್ದು ಕಾರ್ಕಳದ ಹತ್ತಿರ ಸಣ್ಣ ಗದ್ದೆ, ಎಂಒ-4 ಅನ್ನುವ ತಳಿಯ ಭತ್ತ ಬೆಳೆಯೋದು, ಕುಚ್ಚಲಕ್ಕಿ ಮಾಡಿಸಿ ವರ್ಷಕ್ಕೆ ಬೇಕಾದಷ್ಟು ಮನೆಯಲ್ಲೇ ಇಡ್ತೇವೆ, ದೋಸೆಗೆ ಬೆಳ್ತಿಗೆ (ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿ) ಬೇರೆ ಉಂಟು. ಮೇ ತನಕ ಎಂತ ತೊಂದ್ರೆ ಇಲ್ಲ, ಆಟಿ ತಿಂಗಳು (ಜುಲೈ-ಆಗಸ್ಟ್) ಬರುವಾಗ ಮುಚ್ಚಳ ತೆಗೆದ್ರೆ ಡ್ರಮ್ಮಿನ ಅಂಚಲ್ಲಿ ಸೊಂಡಿಲು ಹುಳ ಸಾಲಾಗಿ ಹತ್ತುತ್ತಾ ಇರ್ತದೆ, ಅಡಿಯಲ್ಲಿ ಬಿಳಿ ಹುಡಿ. ಹುಳ ಕೊಲ್ಲುವ ಗ್ಯಾಸಿನ ಮಾತ್ರೆ ಇಡಿ ಅಂತ ಹೇಳುವವರು ಇದ್ದಾರೆ, ಆದ್ರೆ ಅದ್ರಿಂದ ಬರುವ ಫಾಸ್ಫೀನ್ ಗ್ಯಾಸ್ ಮನುಷ್ಯರನ್ನೂ ಕೊಲ್ತದೆ, ಮನೆಯೊಳಗೆ ಅದು ಬೇಡವೇ ಬೇಡ.

ಅತ್ತೆ ಮೊದಲಿಂದಲೂ ನೆಕ್ಕಿ (ಲಕ್ಕಿ) ಸೊಪ್ಪು ಹಾಕ್ತಿದ್ರು. ಅದರ ಘಾಟೂ ಎಲೆಯ ಎಣ್ಣೆಯದ್ದೇ ಅಲ್ವಾ, ಹಾಗಾದ್ರೆ ಎಣ್ಣೆಯನ್ನೇ ಹಾಕುವ ಅಂತ ನಾನು ಲವಂಗದೆಣ್ಣೆ ತಂದು ಸೀದಾ ಬೆಳ್ತಿಗೆ ಅಕ್ಕಿಗೇ ಬೆರೆಸಿದೆ. ಹಾಗೆ ಮಾಡ್ಬೇಡಿ, ಎಷ್ಟು ತೊಳೆದ್ರೂ ದೋಸೆಗೆ ಲವಂಗದ ವಾಸನೆ ಹೋಗ್ಲೇ ಇಲ್ಲ.

ಆಮೇಲೆ ನೀಲಗಿರಿ ಎಣ್ಣೆ ಹತ್ತಿಗೆ ಹಾಕಿ ಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟೆ. ಎರಡು ದಿನದಲ್ಲಿ ಮೇಲಿನ ಹುಳ ಎಲ್ಲ ಸತ್ತು ಬಿದ್ದಿತ್ತು, ಖುಷಿಯಾಯ್ತು, ಆದ್ರೆ ನಾಲ್ಕನೇ ವಾರಕ್ಕೆ ಪುನಃ ಹುಳ. ಒಂದು ಅಕ್ಕಿಕಾಳು ಉಗುರಲ್ಲಿ ಸೀಳಿ ನೋಡಿದ್ರೆ ಒಳಗೆ ಕಾಲಿಲ್ಲದ ಬಿಳಿ ಮರಿ, ಗುಂಡಗೆ ಬಗ್ಗಿ ಕೂತಿದೆ! ಹೆಣ್ಣು ಹುಳ ಮೂತಿಯಲ್ಲಿ ಕಾಳು ಕೊರೆದು ಮೊಟ್ಟೆಯಿಟ್ಟು ಅಂಟಿಂದ ತೂತು ಮುಚ್ಚಿಬಿಡ್ತದೆ, ಮರಿ ಒಳಗೇ ಬೆಳೆದು ಹೊರಗೆ ಬರ್ಲಿಕ್ಕೆ ಸುಮಾರು ಒಂದು ತಿಂಗಳು, ಎಣ್ಣೆಯ ಘಾಟು ಹೊರಗೆ ಓಡಾಡುವ ಹುಳಕ್ಕೆ ತಾಗುವಷ್ಟು ಸುಲಭದಲ್ಲಿ ಅದಕ್ಕೆ ತಾಗುವುದಿಲ್ಲ.

ಹಾಗಾಗಿ ಈಗ ಮೇ ಬಿಸಿಲಲ್ಲಿ ಹಲ್ಲಿಗೆ ಕಟ್ ಅನ್ನುವಷ್ಟು ಒಣಗಿಸಿ, ತಣಿದ ಮೇಲೆ ಸ್ಟೀಲ್ ಡ್ರಮ್ಮಿಗೆ ಕಂಠದ ತನಕ ತುಂಬಿಸ್ತೇನೆ. 25 ಕೆಜಿಗೆ ಸುಮಾರು 2 ಎಂಎಲ್ ಎಣ್ಣೆ, ಮೂರು ಗಂಟು, ಅಡಿ, ನಡು, ಮೇಲೆ ಒಂದೊಂದು, ಮುಚ್ಚಳದ ಸುತ್ತ ಟೇಪ್. ಘಾಟು ಹೊರಗೆ ಹೋದ್ರೆ ಎಣ್ಣೆ ಹಾಕಿದ್ದೇ ದಂಡ. ಮೂರು ವಾರ ಬಿಟ್ಟು ಮತ್ತೆ ಹೊಸ ಹತ್ತಿ, ಹೀಗೆ ಮೂರು ಸರ್ತಿ, ಆಗ ಒಳಗಿದ್ದದ್ದು ಹೊರಗೆ ಬಂದ ಹಾಗೆ ಸಿಕ್ಕಿಬೀಳ್ತದೆ. ಅನ್ನ ಮಾಡುವ ಮೊದಲು ಗೆರಸೆಯಲ್ಲಿ ಹರಡಿ ಗಾಳಿಗೆ ಇಟ್ರೆ ವಾಸನೆ ಹೋಗ್ತದೆ. ಎಣ್ಣೆ ಬಾಟ್ಲಿ ಮಾತ್ರ ಮಕ್ಕಳ ಕೈಗೆ ಸಿಗ್ಬಾರ್ದು, ಕುಡಿದ್ರೆ ವಿಷ.

ಹೆಸರು, ಅಲಸಂಡೆ ಕಾಳಿಗೆ ಇಷ್ಟೆಲ್ಲ ಬೇಡ. ಅದರ ಹುಳ ಕಾಳಿನ ಹೊರಗೇ ಬಿಳಿ ಚುಕ್ಕಿ ಹಾಗೆ ಮೊಟ್ಟೆ ಅಂಟಿಸೋದು, ಕೆಜಿಗೆ ಒಂದು ಟೀ ಸ್ಪೂನ್ ಹರಳೆಣ್ಣೆ ಉಜ್ಜಿದ್ರೆ ಮೊಟ್ಟೆ ಉಸಿರುಕಟ್ಟಿ ಸಾಯ್ತದೆ. ಬಿತ್ತನೆ ಬೀಜಕ್ಕೆ ಮಾತ್ರ ನೀಲಗಿರಿ, ಲವಂಗ ಯಾವುದನ್ನೂ ನಾನು ಇಡೋದಿಲ್ಲ, ಇಂಥ ಎಣ್ಣೆಯಿಂದ ಮೊಳಕೆ ಹಾಳಾಗುವುದೂ ಉಂಟು.