ವಿದೇಶದಲ್ಲಿ ಜೀವ, ಪರಿಸರ ವಿಜ್ಞಾನ ಓದಬೇಕಾ? ಹೀಗೆ ಶುರು ಮಾಡಿ

ರ್‍ಯಾಂಕ್ ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ನಿಮಗೆ ಏನು ಓದಬೇಕು ಅಂತ ಒಂದೇ ಸಾಲಿನಲ್ಲಿ ಬರೆದುಕೊಳ್ಳಿ. ಸುಮ್ನೆ ‘ಪರಿಸರ’ ಅಂದರೆ ಸಾಲದು. ಕೆರೆಯ ಪಾಚಿಯೋ, ಮಣ್ಣಿನ ಸೂಕ್ಷ್ಮಜೀವಿಗಳೋ, ಜೇನುನೊಣಗಳೋ? ಒಂದೇ ಹೆಸರಿನ ಕೋರ್ಸು ಒಂದು ಕಡೆ ಪೂರ್ತಿ ಲ್ಯಾಬ್ ಕೆಲಸವಾದರೆ ಇನ್ನೊಂದು ಕಡೆ ಕಾನೂನು, ನೀತಿಯ ಪಾಠವೇ ಜಾಸ್ತಿ ಇರುತ್ತದೆ.

ಆಮೇಲೆ ಪಠ್ಯಕ್ರಮ ತೆರೆದು ಥೀಸಿಸ್‌ಗೆ ಎಷ್ಟು ಕ್ರೆಡಿಟ್ ಇದೆ ನೋಡಿ. ಯುರೋಪಿನಲ್ಲಿ ಒಂದು ವರ್ಷದ ಓದಿಗೆ 60 ಕ್ರೆಡಿಟ್, ಒಂದೊಂದಕ್ಕೂ 25ರಿಂದ 30 ಗಂಟೆ ಕೆಲಸ. ಅಂದರೆ 30 ಕ್ರೆಡಿಟ್‌ನ ಥೀಸಿಸ್ ಅರ್ಧ ವರ್ಷ ತಿನ್ನುತ್ತದೆ. ನಿಜವಾದ ಕಲಿಕೆ ಆಗುವುದು ಅಲ್ಲೇ, ಹಾಗಾಗಿ ನಾನಂತೂ ಇದಕ್ಕೇ ಹೆಚ್ಚು ತೂಕ ಕೊಡುತ್ತೇನೆ.

ಬಹಳ ಜನ ಎಡವುವುದು ಋತುವಿನ ವಿಷಯದಲ್ಲಿ. ಉತ್ತರ ಯುರೋಪಿನಲ್ಲಿ ತರಗತಿಗಳು ಹೆಚ್ಚಾಗಿ ಸೆಪ್ಟೆಂಬರ್ ಹೊತ್ತಿಗೆ ಶುರುವಾಗುತ್ತವೆ, ಅಷ್ಟರಲ್ಲಿ ಹೂವು, ಕೀಟಗಳ ಕಾಲ ಮುಗಿಯುತ್ತಾ ಬಂದಿರುತ್ತದೆ, ಮತ್ತೆ ಹೊಲ-ಕಾಡಿನ ಕೆಲಸಕ್ಕೆ ವಸಂತದವರೆಗೆ ಕಾಯಬೇಕು. ಗೈಡ್, ಜಾಗ, ಅನುಮತಿ ಎಲ್ಲವನ್ನೂ ಚಳಿಗಾಲದಲ್ಲೇ ಗೊತ್ತುಮಾಡಿಕೊಳ್ಳಿ. ಬ್ರಿಟನ್ನಿನ ಒಂದು ವರ್ಷದ ಮಾಸ್ಟರ್ಸ್‌ನಲ್ಲಿ ಸಿಗುವುದು ಒಂದೇ ಬೇಸಿಗೆ, ಅದು ತಪ್ಪಿದರೆ ಇನ್ನೊಂದಿಲ್ಲ.

ಊರಿನ ಮಣ್ಣನ್ನೋ ಗಿಡವನ್ನೋ ಸೂಟ್‌ಕೇಸಿನಲ್ಲಿ ಒಯ್ದು ಅಲ್ಲಿ ಪರೀಕ್ಷೆ ಮಾಡುತ್ತೇನೆ ಅನ್ನಬೇಡಿ. 2014ರಲ್ಲಿ ಜಾರಿಗೆ ಬಂದ ನಗೋಯಾ ಎಂಬ ಅಂತಾರಾಷ್ಟ್ರೀಯ ಒಪ್ಪಂದದಿಂದಾಗಿ, ತಮ್ಮ ಜೀವಿಗಳ ಮೇಲೆ ಸಂಶೋಧನೆ ಮಾಡುವವರು ಮೊದಲೇ ಒಪ್ಪಿಗೆ ಪಡೆಯಬೇಕು ಅಂತ ಹಲವು ದೇಶಗಳು ಹೇಳುತ್ತವೆ. ಜೊತೆಗೆ, ರೋಗ, ಕೀಟ ಹರಡದಂತೆ ತಡೆಯುವ ಕ್ವಾರಂಟೈನ್ ನಿಯಮಗಳೂ ಇವೆ.

ಹೊರಡುವ ಮುಂಚೆ ಸಂಖ್ಯಾಶಾಸ್ತ್ರ ಮತ್ತು ‘ಆರ್’ (R) ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಿರಿ. ‘ಆರ್’ ಉಚಿತ, ಪರಿಸರ ವಿಜ್ಞಾನಿಗಳು ತುಂಬಾ ಬಳಸುವ ಸಾಧನ.

ಪ್ರೊಫೆಸರ್‌ಗೆ ಇಮೇಲ್ ಬರೆಯುವಾಗ ಹತ್ತು ಸಾಲು ಸಾಕು. ಅವರ ಒಂದು ಲೇಖನ ಓದಿ, ಅದರಲ್ಲಿ ನಿಮಗೆ ಹುಟ್ಟಿದ ಪ್ರಶ್ನೆಯನ್ನೇ ಕೇಳಿ. ಹೊಗಳಿಕೆ ಬೇಡ.

ಹಣಕ್ಕೆ ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಮುಂಡಸ್ ನೋಡಿ. ಕನಿಷ್ಠ ಎರಡು ದೇಶಗಳಲ್ಲಿ ಓದುವ ಮಾಸ್ಟರ್ಸ್ ಇದು, ಸ್ಕಾಲರ್‌ಶಿಪ್ ಸಿಕ್ಕರೆ ತಿಂಗಳಿಗೆ 1,400 ಯೂರೋ. ಅರ್ಜಿಗಳು ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಜನವರಿಯೊಳಗೆ, ಅಂದರೆ ಕೋರ್ಸ್ ಶುರುವಾಗುವ ಹಿಂದಿನ ಶೈಕ್ಷಣಿಕ ವರ್ಷದಲ್ಲೇ ತೆರೆದಿರುತ್ತವೆ. ಶಿಫಾರಸು ಪತ್ರ ಬರೆಯುವ ಮೇಷ್ಟ್ರಿಗೂ ಸಮಯ ಬೇಕಲ್ವಾ, ಸೆಪ್ಟೆಂಬರ್‌ನಲ್ಲೇ ಕೇಳಿಬಿಡಿ.