ಗ್ಯಾಸ್ ಬಂದರೂ ಆರದ ಒಲೆ: ಮನೆಯೊಳಗಿನ ಹೊಗೆ ತಗ್ಗಿಸುವುದು ಹೇಗೆ?

ಕಲಬುರಗಿ, ಯಾದಗಿರಿ ಕಡೆಯ ಹಳ್ಳಿಗಳಲ್ಲಿ ಅಡುಗೆಮನೆಯ ಒಂದು ಮೂಲೆಗೆ ಗ್ಯಾಸ್ ಸಿಲಿಂಡರ್, ಇನ್ನೊಂದು ಮೂಲೆಗೆ ಮಣ್ಣಿನ ಒಲೆ ಇರುವುದು ಮಾಮೂಲಿ. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಸಿಲಿಂಡರ್ ಎಷ್ಟೋ ಮನೆಗಳಿಗೆ ಮುಟ್ಟಿತು. ಚಹಾ, ಅನ್ನ, ಬೇಳೆ ಅದರ ಮೇಲೆ ಆಗುತ್ತವೆ. ರೊಟ್ಟಿಗೆ ಮತ್ತು ಸ್ನಾನದ ನೀರಿಗೆ ಮಾತ್ರ ಕಟ್ಟಿಗೆಯೇ ಗತಿ. ಹೊಲದಲ್ಲಿ ತೊಗರಿ ಕಟ್ಟಿಗೆ ಪುಕ್ಕಟೆ ಸಿಗುವಾಗ ಸಿಲಿಂಡರ್ ಉಳಿಸುವವರನ್ನು ತಪ್ಪೆನ್ನಲಾಗದು. ಆದರೆ ಹೊಗೆಯ ಲೆಕ್ಕ ದುಡ್ಡಿನ ಲೆಕ್ಕದಂತಲ್ಲ. ಹೊಗೆ ಅರ್ಧಕ್ಕೆ ಇಳಿದರೆ ರೋಗವೂ ಅರ್ಧಕ್ಕೆ ಇಳಿಯುವುದಿಲ್ಲ. ಕಣಗಳು ತೀರ ಕಡಿಮೆಯಾದಾಗಲೇ ಹೃದಯಕ್ಕೂ ಮಕ್ಕಳ ಪುಪ್ಪುಸಕ್ಕೂ ದೊಡ್ಡ ಲಾಭ. ಆದ್ದರಿಂದ ಉಳಿದುಕೊಂಡ ಆ ಒಂದು ಒಲೆಯನ್ನು ಏನು ಮಾಡುವುದು ಎನ್ನುವುದೇ ಮುಖ್ಯ ಪ್ರಶ್ನೆ.

ಕಣ್ಣು ಉರಿಸುವ ಹೊಗೆಗಿಂತ ಕಣ್ಣಿಗೆ ಕಾಣದ ಕಣಗಳೇ ಹೆಚ್ಚು ಅಪಾಯಕಾರಿ. 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು, ಅಂದರೆ ತಲೆಗೂದಲಿನ ದಪ್ಪದ ಮೂವತ್ತರಲ್ಲಿ ಒಂದು ಪಾಲಿನಷ್ಟಿರುವಂಥವು, ಪುಪ್ಪುಸದ ತಳ ಮುಟ್ಟಿ ರಕ್ತಕ್ಕೂ ಇಳಿಯುತ್ತವೆ. ದೀರ್ಘಕಾಲದ ದಮ್ಮು, ಹೃದಯಾಘಾತ, ಪಾರ್ಶ್ವವಾಯು, ಪುಪ್ಪುಸದ ಕ್ಯಾನ್ಸರ್, ಕಣ್ಣಿನ ಪೊರೆ ಎಲ್ಲದರಲ್ಲೂ ಇವುಗಳ ಪಾಲಿದೆ. ಐದು ವರ್ಷದೊಳಗಿನ ಮಕ್ಕಳಿಗೆ ನ್ಯುಮೋನಿಯಾ ಅಪಾಯ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಸತ್ತವರು ಸುಮಾರು 32 ಲಕ್ಷ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಗಾಳಿಯಲ್ಲಿ ಈ ಸಣ್ಣ ಕಣಗಳ ದಿನದ ಸರಾಸರಿ ಘನ ಮೀಟರಿಗೆ 15 ಮೈಕ್ರೊಗ್ರಾಂ ಮೀರಬಾರದೆನ್ನುತ್ತದೆ ಆ ಸಂಸ್ಥೆ. ನಮ್ಮ ದೇಶದ ಮಿತಿ 60. ಒಲೆ ಉರಿಯುವ ಹೊತ್ತಿನಲ್ಲಿ ಮುಚ್ಚಿದ ಅಡುಗೆಮನೆಯಲ್ಲಿ ಅದು ಹಲವು ನೂರಕ್ಕೆ ಏರುತ್ತದೆ.

ಮೊದಲು ಹೊಗೆಯ ದಾರಿ ನೋಡಿ

ಒಲೆ ಆರಿರುವಾಗ ಅದರ ಬಾಯಿಯ ಬಳಿ ಒಂದು ಊದಿನಕಡ್ಡಿ ಹಿಡಿಯಿರಿ. ಹೊಗೆ ನೇರ ಕಿಟಕಿಗೆ ಹೋದರೆ ಸರಿ. ಮೇಲೇರಿ ಚಾವಣಿಗೆ ಬಡಿದು, ಹರಡಿ, ಕೂತವರ ತಲೆಯ ಮಟ್ಟಕ್ಕೆ ಇಳಿದರೆ ಗಾಳಿಗೆ ದಾರಿಯಿಲ್ಲವೆಂದು ಅರ್ಥ. ಶಹಾಬಾದ್ ಕಲ್ಲು ಹಾಸಿದ ತಗ್ಗು ಚಾವಣಿಯ ಮನೆಗಳಲ್ಲಿ ಹೆಚ್ಚಾಗಿ ಆಗುವುದು ಇದೇ. ಹಳಬರು ಅಂಥ ಚಾವಣಿಯಲ್ಲಿ ಬೆಳಕಿಂಡಿ ಬಿಟ್ಟಿದ್ದರು. ಮಳೆ ಬರುತ್ತದೆ, ಮಂಗ ಇಳಿಯುತ್ತದೆ ಎಂದು ಅದಕ್ಕೆ ಗಾಜನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಹಾಕಿ ಮುಚ್ಚಿದವರು ಬಹಳ. ಅದನ್ನು ತೆಗೆಸಿ ಜಾಳಿಗೆ ಬಡಿಸಿ, ಮೇಲೆ ಗೇಣು ಎತ್ತರಕ್ಕೆ ತಗಡಿನ ಟೋಪಿ ಕೂರಿಸಿದರೆ ಮಳೆಯೂ ಇಲ್ಲ, ಮಂಗವೂ ಇಲ್ಲ. ಬೆಳಕಿಂಡಿ ಇಲ್ಲದಿದ್ದರೆ ಬಾಗಿಲಿನ ಎದುರು ಗೋಡೆಯಲ್ಲಿ, ಚಾವಣಿಗೆ ತಾಗಿದಂತೆ ಒಂದು ಕಿಂಡಿ ಕೊರೆಸಿ. ತಗ್ಗಿನಿಂದ ಗಾಳಿ ಒಳಗೆ ಬರಬೇಕು, ಎತ್ತರದಿಂದ ಹೊರಗೆ ಹೋಗಬೇಕು.

ನಂತರ ಕಟ್ಟಿಗೆ

ಸಂಕ್ರಾಂತಿಯ ಆಚೀಚೆ ತೊಗರಿ ಕೊಯ್ದು ಕಟ್ಟಿಗೆ ಒಟ್ಟುತ್ತೇವೆ. ಬೇಸಿಗೆಯಲ್ಲಿ ಅದು ಚೆನ್ನಾಗಿ ಒಣಗುತ್ತದೆ. ಕೆಡುವುದು ಮಿರಗದ ಮಳೆಗೆ. ಅಷ್ಟರೊಳಗೆ ಒಟ್ಟಿಲನ್ನು ತಗಡಿನ ಕೆಳಗೆ ಸರಿಸಿ, ತಳಕ್ಕೆ ಕಲ್ಲು ಕೊಡಿ, ಕರಿಮಣ್ಣಿನ ತೇವ ಏರುವುದಿಲ್ಲ. ಮುರಿದರೆ ಚಟ್ಟೆಂದು ಸದ್ದಾಗಬೇಕು. ಉರಿಯುವಾಗ ತುದಿಯಲ್ಲಿ ನೊರೆ ಬಂದು ಸುಂಯ್ ಎಂದರೆ ನೀವು ನೀರನ್ನು ಸುಡುತ್ತಿದ್ದೀರಿ. ಕುಳ್ಳು ಒಣಗಿದ್ದರೂ ಕಟ್ಟಿಗೆಗಿಂತ ಹೆಚ್ಚು ಹೊಗೆ ಬಿಡುತ್ತದೆ, ಸೆಗಣಿ ತಿಪ್ಪೆಗೆ ಹೋಗುವುದೇ ಲೇಸು. ನಾಲ್ಕೈದು ದನಗಳಿದ್ದರೆ ಗೋಬರ್ ಗ್ಯಾಸ್ ಬಗ್ಗೆ ವಿಚಾರಿಸಿ. ಉರಿ ಹಚ್ಚಲು ಹಾಲಿನ ಪ್ಯಾಕೆಟ್, ಗೊಬ್ಬರದ ಚೀಲದ ಚೂರು ಬೇಡವೇ ಬೇಡ.

ರೊಟ್ಟಿಯ ಮಾತು

ರೊಟ್ಟಿಗೆ ಒಲೆಯೇ ಬೇಕೆನ್ನುವ ಅತ್ತೆಯ ಜೊತೆ ವಾದಕ್ಕೆ ಇಳಿಯಬೇಡಿ, ಸೋಲುತ್ತೀರಿ. ಹಂಚಿನಿಂದ ತೆಗೆದು ಕೆಂಡದ ಮುಂದೆ ನಿಲ್ಲಿಸಿದ ರೊಟ್ಟಿ ಉಬ್ಬುವ ಪರಿ ಗ್ಯಾಸಿನ ಮೇಲೆ ಬರುವುದಿಲ್ಲ ಎಂಬ ಅವರ ಮಾತು ನಿಜವೂ ಹೌದು. ಒಲೆಯ ಜಾಗ ಬದಲಿಸಿ. ಹಿತ್ತಲಲ್ಲಿ ಮೂರು ಕಡೆ ತೆರೆದ ಒಂದು ತಗಡಿನ ಚಪ್ಪರ ಸಾಕು. ಗಾಳಿಯು ಹೊಗೆಯನ್ನು ಮನೆಬಾಗಿಲಿಗೆ ತಳ್ಳದಂತೆ ನೋಡಿಕೊಳ್ಳಿ. ಇನ್ನೂ ಒಳ್ಳೆಯ ಉಪಾಯ ನಮ್ಮ ಸೀಮೆಯಲ್ಲೇ ಇದೆ: ಖಡಕ್ ರೊಟ್ಟಿ. ವಾರಕ್ಕೆ ಆಗುವಷ್ಟನ್ನು ಒಂದೇ ಸಲ ಬಡಿದು, ಬೇಯಿಸಿ, ಒಣಗಿಸಿಟ್ಟರೆ ದಿನವೂ ಉರಿ ಹಚ್ಚುವ ಕೆಲಸವಿಲ್ಲ. ಉಳಿದ ದಿನ ಪಲ್ಯ, ಬೇಳೆ ಗ್ಯಾಸಿನ ಮೇಲೆ. ಉರಿ ಹೊತ್ತಿಕೊಳ್ಳುವ ಮೊದಲ ಕೆಲವು ನಿಮಿಷ ಹೊಗೆ ದಟ್ಟ. ಆಗ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಊದುಗೊಳವೆ ಊದಬೇಡಿ. ಮೂಗಿಗೆ ಸೆರಗು ಕಟ್ಟಿದರೆ ಸಣ್ಣ ಕಣ ನಿಲ್ಲುವುದಿಲ್ಲ.

ಒಲೆ ಒಳಗೇ ಇರಬೇಕೆಂದರೆ ಹೊಗೆಕೊಳವೆ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆ ಇಂಥದ್ದೇ. ಕೊಳವೆ ಚಾವಣಿಗಿಂತ ಎರಡು ಮೂರು ಅಡಿ ಮೇಲಿರಲಿ, ತಿಂಗಳಿಗೊಮ್ಮೆ ಮಸಿ ಕೆರೆಯಿರಿ. ಸ್ನಾನದ ನೀರಿಗೆ ಏಪ್ರಿಲ್, ಮೇನಲ್ಲಿ ಉರಿಯೇ ಬೇಡ. ಮಾಳಿಗೆಯ ಮೇಲಿನ ಕಪ್ಪು ಡ್ರಮ್ಮಿನ ನೀರು ತಾನಾಗಿ ಕಾಯುತ್ತದೆ.

ಬಾಣಂತಿಯ ಕೋಣೆ

ಇದನ್ನು ಹೇಳಿದರೆ ಹಿರಿಯರಿಗೆ ಸಿಟ್ಟು ಬರುತ್ತದೆ, ಆದರೂ ಹೇಳಬೇಕು. ಬಾಗಿಲು, ಕಿಟಕಿ ಮುಚ್ಚಿ, ಹೊರಸಿನ ಕೆಳಗೆ ಅಗ್ಗಿಷ್ಟಿಕೆ ಇಟ್ಟು, ಕೆಂಡಕ್ಕೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಲೋಬಾನ ಹಾಕಿ ತಾಯಿಗೂ ಕೂಸಿಗೂ ಹೊಗೆ ಕೊಡುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಕೆಂಡದಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಅದು ರಕ್ತದಲ್ಲಿ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಂತಿ ಬಂದರೆ ‘ಬಾಣಂತಿ ಸುಸ್ತು’ ಎಂದು ಮಲಗಿಸಬೇಡಿ. ಇಬ್ಬರನ್ನೂ ತಕ್ಷಣ ಹೊರಗೆ ತಂದು 108ಕ್ಕೆ ಕರೆ ಮಾಡಿ. ಬೀದರಿನ ಚಳಿಗೂ ಕೂಸಿಗೆ ಟೊಪ್ಪಿಗೆ, ಹೊದಿಕೆ, ತಾಯಿಯ ಎದೆಯ ಬಿಸುಪು ಸಾಕು. ತಾಯಿಯ ಸೊಂಟಕ್ಕೆ ಬಿಸಿನೀರಿನ ಚೀಲ ಇಡಿ. ಕಾವು ಕೊಡಲೇಬೇಕೆಂದು ಅಜ್ಜಿ ಹಟ ಹಿಡಿದರೆ ಕೆಂಡವನ್ನು ಅಂಗಳದಲ್ಲೇ ಬಿಟ್ಟು, ಅದರಲ್ಲಿ ಕಾಯಿಸಿದ ಬಟ್ಟೆಯನ್ನು ಮಾತ್ರ ಒಳಗೆ ತನ್ನಿ.

ಸೊಳ್ಳೆ ಬತ್ತಿಯೂ ಇದೇ ಸಾಲಿಗೆ ಸೇರಿದ್ದು. ಒಂದು ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸಣ್ಣ ಕಣ ಬಿಡುತ್ತದೆಂದು ಅಳೆದಿದ್ದಾರೆ. ಸೊಳ್ಳೆಪರದೆ ಕಟ್ಟಿ.

ವೈದ್ಯರ ಬಳಿ ಯಾವಾಗ?

ಎರಡು ವಾರ ದಾಟಿದ ಕೆಮ್ಮಿಗೆ ಮೊದಲು ಕ್ಷಯದ ಪರೀಕ್ಷೆ ಆಗಬೇಕು. ಅದು ಇಲ್ಲವೆಂದಾದ ಮೇಲೂ ಮೆಟ್ಟಿಲು ಹತ್ತುವಾಗ ಉಬ್ಬಸ ಬಂದರೆ ಸ್ಪೈರೊಮೆಟ್ರಿ ಎಂಬ ಊದುವ ಪರೀಕ್ಷೆ ಕೇಳಿ. ಬೀಡಿ ಸೇದುತ್ತೀರಾ ಎಂದು ವೈದ್ಯರು ಕೇಳುತ್ತಾರೆ, ಹೆಂಗಸರು ಇಲ್ಲವೆನ್ನುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಎಷ್ಟು ವರ್ಷದಿಂದ ಕಟ್ಟಿಗೆ ಒಲೆಯ ಮುಂದೆ ಕೂತಿದ್ದೀರಿ ಎಂಬುದನ್ನು ನೀವಾಗಿಯೇ ಹೇಳಿ. ಕೆಮ್ಮುವ ಕೂಸು ಅಳದೆ ಮಲಗಿರುವಾಗ ಉಸಿರು ಎಣಿಸಿ: ಎರಡು ತಿಂಗಳೊಳಗೆ ನಿಮಿಷಕ್ಕೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40 ಮುಟ್ಟಿದರೆ ಅಂದೇ ಆಸ್ಪತ್ರೆಗೆ ಒಯ್ಯಿರಿ. ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ ಎಣಿಸುತ್ತ ಕೂರದೆ ಹೊರಡಿ.